ಹಳೇ ಟ್ರ್ಯಾಕ್ಟರ್‌ನ ಆಯಿಲ್ ಪ್ರೆಷರ್: ದೀಪ ಆರಿತು ಅಂತ ನೆಮ್ಮದಿ ಬೇಡ

ಹೋದ ವರ್ಷ ಮುಂಗಾರಿನಲ್ಲಿ ನಾನು ಮಾಡಿದ ಒಂದು ತಪ್ಪಿನ ಕಥೆ ಈ ವಾರ ಹೇಳ್ತೀನಿ. ನಿಮ್ಮ ಮನೇಲೂ ಹತ್ತು-ಹದಿನೈದು ವರ್ಷ ದುಡಿದ ಟ್ರ್ಯಾಕ್ಟರೋ, ಜೀಪೋ, ಕಾರೋ ಇದ್ರೆ ಪೂರ್ತಿ ಓದಿ.

ನಮ್ಮದು ಹಾವೇರಿ ಕಡೆ, ಮೆಕ್ಕೆಜೋಳದ ಹೊಲ. ಅಪ್ಪ ತಂದ ಟ್ರ್ಯಾಕ್ಟರ್‌ಗೆ ಈಗ 17 ವರ್ಷ. ಮೇ ಕೊನೆಗೆ ರೋಟವೇಟರ್ ಹೊಡೆದು ಗಾಡಿ ನಿಲ್ಲಿಸಿದಾಗ, ಸ್ಲೋ ಓಟದಲ್ಲಿ ಆಯಿಲ್ ದೀಪ ಮಿಣುಕ್ ಮಿಣುಕ್ ಅಂತಿತ್ತು. ರೇಸ್ ಕೊಟ್ರೆ ಆರ್ತಿತ್ತು. ಪೇಟೆಯ ಆಯಿಲ್ ಅಂಗಡಿಯವರು, "ಹಳೇ ಇಂಜಿನ್ ಅಲ್ವಾ, ದಪ್ಪ ಆಯಿಲ್ ಹಾಕಿ, ಸರಿ ಹೋಗ್ತದೆ" ಅಂದ್ರು. 20ಡಬ್ಲ್ಯೂ-50 ತಂದು ಹಾಕಿದೆ. ದೀಪ ಆರಿತು. ನಾನೂ ಆರಾಮಾದೆ.

ಮೂರು ವಾರಕ್ಕೆ, ಬಿತ್ತನೆ ನಡುವೆ, ಇಂಜಿನ್ ಒಳಗಿಂದ ಟಕ್ ಟಕ್ ಶಬ್ದ. ಬಿಚ್ಚಿದಾಗ ಕನೆಕ್ಟಿಂಗ್ ರಾಡಿನ ಬೇರಿಂಗ್ ಶೆಲ್ ಸವೆದು ತಾಮ್ರದ ಬಣ್ಣ ಕಾಣ್ತಿತ್ತು, ಕ್ರ್ಯಾಂಕ್‌ಗೂ ಗೀರು ಬಿದ್ದಿತ್ತು. ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಬೇರಿಂಗ್, ಮಜೂರಿ ಎಲ್ಲಾ ಸೇರಿ ಅರ್ಧ ಲಕ್ಷದ ಹತ್ತಿರ ಹೋಯ್ತು. ಉಳಿದ ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರ್.

ಅಸಲಿ ರೋಗ ಬೇರೆಯೇ ಇತ್ತು. ಫೀಡ್ ಪಂಪಿನ ಡಯಾಫ್ರಾಮ್ ಹರಿದು ಡೀಸೆಲ್ ಸ್ವಲ್ಪ ಸ್ವಲ್ಪವೇ ಆಯಿಲ್ ಚೇಂಬರಿಗೆ ಇಳೀತಿತ್ತು. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಇಳಿಯೋ ಬದಲು ಏರ್ತಿತ್ತು. ನಾನು "ಇಂಜಿನ್ ಆಯಿಲ್ ಕುಡೀತಾನೇ ಇಲ್ಲ" ಅಂತ ಖುಷಿ ಪಟ್ಟಿದ್ದೆ! ನಮ್ಮ ಮೇಸ್ತ್ರಿ ಆಗ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ತಮ್ಮಾ, ಆಯಿಲ್ ಕಮ್ಮಿ ಆದ್ರೆ ಹಾಕಬಹುದು. ತಾನಾಗೇ ಜಾಸ್ತಿ ಆದ್ರೆ ಹೆದರಬೇಕು."

ಪ್ರೆಷರ್ ಅಂದ್ರೆ ಏನು?

ಕ್ರ್ಯಾಂಕ್ ಶಾಫ್ಟ್ ಬೇರಿಂಗಿನ ಮೇಲೆ ನೇರವಾಗಿ ಕೂತಿರೋದಿಲ್ಲ. ಎರಡರ ನಡುವೆ ಕೂದಲಿಗಿಂತ ತೆಳುವಾದ ಆಯಿಲ್ ಪದರ ಇರುತ್ತೆ, ಶಾಫ್ಟ್ ಅದರ ಮೇಲೆ ತೇಲ್ತಾ ತಿರುಗುತ್ತೆ. ಆ ಸಂದಿಗೆ ಆಯಿಲ್ ತಳ್ಳೋದು ಪಂಪು. ಸಂದಿ ದೊಡ್ಡದಾದ್ರೆ, ಆಯಿಲ್ ನೀರಾದ್ರೆ, ಇಲ್ಲಾ ಪಂಪು ಸವೆದ್ರೆ ಪ್ರೆಷರ್ ಬೀಳುತ್ತೆ. ಡ್ರಿಪ್ ಲೈನಿನ ಹಾಗೇ: ಪೈಪಿನಲ್ಲಿ ತೂತು ಹೆಚ್ಚಾದ್ರೆ ಕೊನೇ ಸಾಲಿಗೆ ನೀರು ಮುಟ್ಟಲ್ಲ.

ಆಯಿಲ್ ದೀಪವನ್ನ ಪೂರ್ತಿ ನಂಬಬೇಡಿ. ಬಹಳಷ್ಟು ಸ್ವಿಚ್‌ಗಳು ಪ್ರೆಷರ್ ಅರ್ಧ ಕೆ.ಜಿ. ಆಸುಪಾಸಿಗೆ ಇಳಿದ ಮೇಲಷ್ಟೇ ದೀಪ ಹೊತ್ತಿಸ್ತವೆ. ಅಂದ್ರೆ ದೀಪ ಆರಿದೆ ಅಂದ ಮಾತ್ರಕ್ಕೆ ಪ್ರೆಷರ್ ಸಾಕಷ್ಟಿದೆ ಅಂತಲ್ಲ. ಇನ್ನು ಕೆಲವರು ದೀಪ ಕಾಟ ಕೊಡುತ್ತೆ ಅಂತ ವೈರನ್ನೇ ಕಿತ್ತು ಬಿಟ್ಟಿರ್ತಾರೆ. ಕೀ ಆನ್ ಮಾಡಿದಾಗ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ಮೊದಲು ಇದನ್ನೇ ನೋಡಿ.

ಗೇಜ್ ಹಾಕೋ ಮೊದಲು: ಐದು ನಿಮಿಷದ ಪರೀಕ್ಷೆ

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ, ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ನೋಡಿ.

• ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಮೇಲಿನ ಗೆರೆ ದಾಟಿದ್ರೆ ಅದೂ ತಪ್ಪೇ. ಕ್ರ್ಯಾಂಕ್ ಆಯಿಲಿಗೆ ಬಡಿದು ನೊರೆ ಬರುತ್ತೆ, ನೊರೆ ಎಳೆದ ಪಂಪಿಗೆ ಪ್ರೆಷರ್ ಬರಲ್ಲ.
• ಮೂಸಿ ನೋಡಿ. ಡೀಸೆಲ್ ವಾಸನೆ ಗಟ್ಟಿಯಾಗಿ ಹೊಡೆದ್ರೆ, ಬೆರಳಲ್ಲಿ ಉಜ್ಜಿದಾಗ ನೀರು ನೀರಾಗಿದ್ರೆ ಡೀಸೆಲ್ ಸೇರಿದೆ ಅಂತ ಅನುಮಾನ ಪಡಿ. ಫೀಡ್ ಪಂಪ್, ಇಂಜೆಕ್ಷನ್ ಪಂಪಿನ ಸೀಲ್, ನಾಜಲ್‌ಗಳನ್ನ ತೋರಿಸಿ.
• ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ಟೋ ಆಯಿಲ್ ಕೂಲರೋ ಹೋಗಿರಬಹುದು. ಗಾಡಿ ಓಡಿಸಲೇಬೇಡಿ.
• ಕಪ್ಪು ಬಣ್ಣಕ್ಕೆ ಹೆದರಬೇಡಿ. ಡೀಸೆಲ್ ಇಂಜಿನ್ನಲ್ಲಿ ಹೊಸ ಆಯಿಲ್ಲೂ ಬೇಗ ಕಪ್ಪಾಗುತ್ತೆ, ಮಸಿಯನ್ನ ಹಿಡಿದಿಟ್ಟುಕೊಳ್ಳೋದೇ ಅದರ ಕೆಲಸ.

ಗೇಜ್ ಹಾಕಿ ಪ್ರೆಷರ್ ನೋಡೋದು ಹೇಗೆ?

ಇದಕ್ಕೆ ಮೆಕ್ಯಾನಿಕಲ್ ಆಯಿಲ್ ಪ್ರೆಷರ್ ಗೇಜ್ ಬೇಕು. ನಿಮ್ಮ ಮೇಸ್ತ್ರಿ ಹತ್ತಿರ ಇದ್ರೆ ಅದೇ ಸಾಕು.

1. ಇಂಜಿನ್ ಆಫ್ ಮಾಡಿ. ಆಯಿಲ್ ಪ್ರೆಷರ್ ಸ್ವಿಚ್ ಹುಡುಕಿ. ಸಾಮಾನ್ಯವಾಗಿ ಇಂಜಿನ್ ಬ್ಲಾಕಿನ ಪಕ್ಕ, ಫಿಲ್ಟರ್ ಹತ್ತಿರ, ಒಂದೇ ವೈರ್ ಬಂದಿರುತ್ತೆ. ತೆಗೆಯೋ ಮುಂಚೆ ಮೊಬೈಲಲ್ಲಿ ಫೋಟೋ ತೆಗೆದಿಡಿ.
2. ವೈರ್ ಬಿಡಿಸಿ, ಸ್ವಿಚ್ಚನ್ನ ಪಾನಾ ಹಾಕಿ ಬಿಚ್ಚಿ. ಅದರ ಥ್ರೆಡ್ಡಿಗೆ ಸರಿಯಾದ ಅಡಾಪ್ಟರನ್ನೇ ಹಾಕಿ. ಥ್ರೆಡ್ ಒಂದೊಂದು ಕಂಪನಿಗೆ ಒಂದೊಂದು ಥರ ಇರುತ್ತೆ, ಹೊಂದದೇ ಇರೋದನ್ನ ಬಲವಂತವಾಗಿ ತಿರುಗಿಸಿದ್ರೆ ಬ್ಲಾಕಿನ ಥ್ರೆಡ್ಡೇ ಹೋಗುತ್ತೆ.
3. ಪೈಪು ಫ್ಯಾನಿಗೂ ಸೈಲೆನ್ಸರಿಗೂ ತಾಗದ ಹಾಗೆ ಕಟ್ಟಿ. ಸ್ಟಾರ್ಟ್ ಮಾಡಿ, ಸೋರಿಕೆ ನೋಡಿ. ಹತ್ತು ಸೆಕೆಂಡಿನೊಳಗೆ ಮುಳ್ಳು ಏಳದಿದ್ರೆ ತಕ್ಷಣ ಆಫ್ ಮಾಡಿ.
4. ತಣ್ಣಗಿದ್ದಾಗ ಪ್ರೆಷರ್ ಹೆಚ್ಚೇ ತೋರಿಸುತ್ತೆ, ಅದನ್ನ ಲೆಕ್ಕಕ್ಕೆ ಇಟ್ಕೋಬೇಡಿ. ಅರ್ಧ ಗಂಟೆ ಇಂಜಿನ್ ಓಡಿ, ಟೆಂಪರೇಚರ್ ಮುಳ್ಳು ಮಾಮೂಲಿ ಜಾಗಕ್ಕೆ ಬಂದ ಮೇಲೆ ಸ್ಲೋ ಓಟದಲ್ಲೊಮ್ಮೆ, 2000 ಆರ್‌ಪಿಎಂ ಹತ್ತಿರ ಇನ್ನೊಮ್ಮೆ ನೋಡಿ.
5. ಗೇಜು ಮತ್ತು ಅವರ್ ಮೀಟರ್ ಎರಡರ ಫೋಟೋ ತೆಗೆದಿಡಿ. ಮುಂದಿನ ವರ್ಷ ಹೋಲಿಸೋಕೆ ಅದೇ ದಾಖಲೆ.

ಎಷ್ಟಿರಬೇಕು?

ಕಂಪನಿ ಪುಸ್ತಕದಲ್ಲಿರೋ ಅಂಕಿಯೇ ಅಂತಿಮ. ಪುಸ್ತಕ ಸಿಗದಿದ್ರೆ ಗ್ಯಾರೇಜುಗಳ ಮೋಟು ಲೆಕ್ಕ ಒಂದಿದೆ: ಬಿಸಿ ಇಂಜಿನ್ನಲ್ಲಿ ಪ್ರತಿ 1000 ಆರ್‌ಪಿಎಂಗೆ ಕನಿಷ್ಠ 10 ಪಿಎಸ್‌ಐ, ಅಂದ್ರೆ ಸುಮಾರು 0.7 ಕೆ.ಜಿ. ಹಳೇ ಡೀಸೆಲ್ ಇಂಜಿನ್ ಬಿಸಿಯಾಗಿ ಸ್ಲೋ ಓಟದಲ್ಲಿ 1 ಕೆ.ಜಿ., ರೇಸಿನಲ್ಲಿ 2.5ರಿಂದ 4 ಕೆ.ಜಿ. ತೋರಿಸಿದ್ರೆ ಸಾಮಾನ್ಯವಾಗಿ ಚಿಂತೆ ಇಲ್ಲ.

• ಗೇಜ್ ಸರಿ ಇದೆ, ದೀಪ ಮಾತ್ರ ಹತ್ತುತ್ತೆ: ಸ್ವಿಚ್ಚು ಇಲ್ಲಾ ವೈರ್ ದೋಷ. ಸಣ್ಣ ಖರ್ಚು.
• ಸ್ಲೋನಲ್ಲಿ ಕಮ್ಮಿ, ರೇಸಿನಲ್ಲಿ ಸರಿ: ಆಯಿಲ್ ತೆಳುವಾಗಿದೆ ಅಥವಾ ಬೇರಿಂಗ್ ಸವೆಯೋಕೆ ಶುರುವಾಗಿದೆ.
• ಎರಡರಲ್ಲೂ ಕಮ್ಮಿ: ಚೇಂಬರಿನ ಜಾಲರಿ ಕಟ್ಟಿರಬಹುದು, ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಹಾಕಿಕೊಂಡಿರಬಹುದು, ಪಂಪೋ ಬೇರಿಂಗೋ ಸವೆದಿರಬಹುದು.
• ಬಿಸಿಯಾದ ಮೇಲೂ ವಿಪರೀತ ಜಾಸ್ತಿ: ಆಯಿಲ್ ಅತಿ ದಪ್ಪ ಅಥವಾ ರಿಲೀಫ್ ವಾಲ್ವ್ ಮುಚ್ಚಿ ಕೂತಿದೆ.

ಯಾವಾಗಲೂ ಅಗ್ಗದ ಕಡೆಯಿಂದ ಶುರು ಮಾಡಿ: ಮೊದಲು ಆಯಿಲ್ ಮಟ್ಟ, ಆಮೇಲೆ ಹೊಸ ಆಯಿಲ್-ಫಿಲ್ಟರ್, ಆಮೇಲೆ ಸ್ವಿಚ್, ರಿಲೀಫ್ ವಾಲ್ವ್, ಜಾಲರಿ, ಪಂಪು. ಬೇರಿಂಗ್ ಕೊನೆಗೆ. ಆದ್ರೆ ಟಕ್ ಟಕ್ ಶಬ್ದ ಬಂದಿದ್ರೆ ಈ ಸಾಲನ್ನೆಲ್ಲ ಕಾಯಬೇಡಿ, ಆಫ್ ಮಾಡಿ, ಮೇಸ್ತ್ರಿಯನ್ನೇ ಹೊಲಕ್ಕೆ ಕರೆಸಿ.

ಡಬ್ಬಿ ಮೇಲಿನ ಅಂಕಿ ಓದೋದು

15ಡಬ್ಲ್ಯೂ-40 ಅಂದಾಗ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಹೇಳುತ್ತೆ, ಅಂಕಿ ಚಿಕ್ಕದಾದಷ್ಟೂ ಸಲೀಸು. ಎರಡನೇ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ದಪ್ಪ ಉಳಿಯುತ್ತೆ ಅಂತ. 30, 40, 50 ಅಂತ ಏರಿದ ಹಾಗೆ ದಪ್ಪ. ನಮ್ಮ ಕಡೆ ಮೈನಸ್ ಡಿಗ್ರಿ ಚಳಿ ಇಲ್ಲ, ಹಾಗಾಗಿ 15ಡಬ್ಲ್ಯೂ ಆಗಲಿ 20ಡಬ್ಲ್ಯೂ ಆಗಲಿ ಸ್ಟಾರ್ಟಿಂಗಿಗೆ ಕಷ್ಟವಿಲ್ಲ. ಆದ್ರೂ 15ಡಬ್ಲ್ಯೂ ಬೆಳಗಿನ ಹೊತ್ತು ಬೇರಿಂಗಿಗೆ ಸ್ವಲ್ಪ ಬೇಗ ಮುಟ್ಟುತ್ತೆ.

ಇನ್ನು ಎಪಿಐ ಅಕ್ಷರಗಳು. 'ಸಿ' ಅಂದ್ರೆ ಡೀಸೆಲ್, 'ಎಸ್' ಅಂದ್ರೆ ಪೆಟ್ರೋಲ್. ಸಿಎಫ್-4, ಸಿಎಚ್-4, ಸಿಐ-4, ಸಿಕೆ-4 ಅಂತ ಮುಂದೆ ಹೋದಷ್ಟೂ ಹೊಸ ದರ್ಜೆ. ಪುಸ್ತಕದಲ್ಲಿ ಸಿಎಫ್-4 ಅಂತಿದ್ರೆ ಸಿಎಚ್-4 ಅಥವಾ ಸಿಐ-4 ಹಾಕಬಹುದು. ಹೊಸ ದರ್ಜೆ ಕೇಳೋ ಇಂಜಿನ್ನಿಗೆ ಹಳೇ ದರ್ಜೆ ಹಾಕಬಾರದು. ಡಿಪಿಎಫ್ ಇರೋ ಬಿಎಸ್-6 ಡೀಸೆಲ್ ಗಾಡಿಗೆ ಕಂಪನಿ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಹಾಕಿ, ಇಲ್ಲಾಂದ್ರೆ ಫಿಲ್ಟರ್ ಬೇಗ ಕಟ್ಟುತ್ತೆ.

ಹಳೇ ಇಂಜಿನ್ನಿಗೆ ದಪ್ಪ ಆಯಿಲ್ ಹಾಕಬಹುದಾ?

ಹಾಕಬಹುದು, ಆದ್ರೆ ಕಾರಣ ಗೊತ್ತಾದ ಮೇಲೆ. ಡೀಸೆಲ್ ಸೇರ್ತಿಲ್ಲ, ಜಾಲರಿ ಚೊಕ್ಕ ಇದೆ, ಪಂಪು ಸರಿ ಇದೆ, ವಯಸ್ಸಿನಿಂದ ಪ್ರೆಷರ್ ಸ್ವಲ್ಪ ಇಳಿದಿದೆ ಅಂತ ಖಾತ್ರಿಯಾದ್ರೆ, ಪುಸ್ತಕ ಒಪ್ಪಿದ ಮಿತಿಯೊಳಗೆ ಒಂದು ಮೆಟ್ಟಿಲು ದಪ್ಪದ್ದು ಹಾಕಿ ಒಂದೆರಡು ಹಂಗಾಮು ದುಡಿಸಬಹುದು. ಇದು ನೋವಿನ ಮಾತ್ರೆ ಇದ್ದ ಹಾಗೆ, ರೋಗಕ್ಕೆ ಔಷಧಿ ಅಲ್ಲ. ಟರ್ಬೋ ಇರೋ ಇಂಜಿನ್ನಿಗೆ, ಈಗಿನ ಸಣ್ಣ ಪೆಟ್ರೋಲ್ ಕಾರುಗಳಿಗೆ ಈ ಉಪಾಯ ಬೇಡವೇ ಬೇಡ. 0ಡಬ್ಲ್ಯೂ-20, 5ಡಬ್ಲ್ಯೂ-30 ಕೇಳೋ ಕಾರಿನ ಸಣ್ಣ ನಾಳಗಳಿಗೆ ದಪ್ಪ ಆಯಿಲ್ ಸಮಯಕ್ಕೆ ಸರಿಯಾಗಿ ಮುಟ್ಟಲ್ಲ.

ಇನ್ನೆರಡು ಎಚ್ಚರಿಕೆ. ಟ್ರ್ಯಾಕ್ಟರಿನ ಗೇರ್, ಹೈಡ್ರಾಲಿಕ್, ಆಯಿಲ್ ಬ್ರೇಕಿಗೆ ಬೇರೆಯೇ ಆಯಿಲ್ ಇದೆ, ಉಳಿದ ಇಂಜಿನ್ ಆಯಿಲ್ ಅಲ್ಲಿಗೆ ಸುರೀಬೇಡಿ. ಕಾರಿನ ಆಯಿಲ್ ಬೈಕಿಗೂ ಬೇಡ, ಕ್ಲಚ್ ಜಾರುತ್ತೆ.

ಬದಲಾಯಿಸುವಾಗ

ಹಳೇ ಟ್ರ್ಯಾಕ್ಟರುಗಳಿಗೆ 250 ಗಂಟೆ ಅನ್ನೋದು ಸಾಮಾನ್ಯ ಲೆಕ್ಕ, ನಿಮ್ಮ ಪುಸ್ತಕ ನೋಡಿ. ಇಂಜಿನ್ ಬಿಸಿ ಇರುವಾಗ ಇಳಿಸಿ, ಆಯಿಲ್ ಜೊತೆ ಫಿಲ್ಟರೂ ಬದಲಿಸಿ. ಇಳಿದ ಆಯಿಲನ್ನ ಬಟ್ಟೆಯಲ್ಲಿ ಸೋಸಿ ನೋಡಿ: ಮಿನುಗೋ ಲೋಹದ ಪುಡಿ ಸಿಕ್ರೆ ಬೇರಿಂಗ್ ಸವೀತಿದೆ ಅಂತ. ಸೀಲ್ ಇರೋ ಡಬ್ಬಿಯನ್ನೇ ಬಿಲ್ ಸಮೇತ ತಗೊಳ್ಳಿ. ಖಾಲಿ ಡಬ್ಬಿಗೆ ತೂತು ಮಾಡಿ ಬಿಸಾಕಿ, ನಕಲಿ ಆಯಿಲ್ ತುಂಬೋರಿಗೆ ಸಿಗಬಾರದು. ಹಳೇ ಆಯಿಲ್ ಕಾಲುವೆಗೋ ಬದುವಿಗೋ ಸುರೀಬೇಡಿ. ಕ್ಯಾನಿನಲ್ಲಿ ತುಂಬಿಟ್ಟು, ಹಳೇ ಆಯಿಲ್ ಸಂಗ್ರಹಿಸೋ ಗ್ಯಾರೇಜಿಗೆ ಕೊಡಿ.

ಈಗ ನಮ್ಮ ಟ್ರ್ಯಾಕ್ಟರಿನ ಡ್ಯಾಶಿನಲ್ಲಿ ಗೇಜ್ ಕಾಯಂ ಕೂತಿದೆ. ಅಪ್ಪ ಮೊದಲು, "ಇದೆಲ್ಲಾ ಯಾಕೋ?" ಅಂತಿದ್ದರು. ಈಗ ಸ್ಟಾರ್ಟ್ ಮಾಡಿದ ಕೂಡಲೇ ಅವರ ಕಣ್ಣೂ ಅಲ್ಲಿಗೇ ಹೋಗುತ್ತೆ. ನಾಳೆ ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ನೀವೂ ಡಿಪ್‌ಸ್ಟಿಕ್ ಎಳೆದು, ಮಟ್ಟ ನೋಡಿ, ಒಮ್ಮೆ ಮೂಸಿ ನೋಡಿ. ನಾನು ಅಷ್ಟು ಮಾಡಿದ್ದಿದ್ರೆ ಕ್ರ್ಯಾಂಕ್ ಉಳೀತಿತ್ತು.