ಶೇಂಗಾ ಕೀಳುವ ತಿಂಗಳ ಶಾಲೆ

ದಸರಾ ರಜೆ ಮುಗಿದು ಪ್ರೌಢಶಾಲೆಗಳ ಬಾಗಿಲು ತೆರೆಯುವ ಹೊತ್ತಿಗೆ ಚಿತ್ರದುರ್ಗ ಜಿಲ್ಲೆಯ ಹೊಲಗಳಲ್ಲಿ ಶೇಂಗಾ ಕೀಳುವ ಕೆಲಸ ಶುರುವಾಗಿರುತ್ತದೆ. ಮಳೆಯ ಲೆಕ್ಕದಲ್ಲಿ ಮಲೆನಾಡಿಗೆ ಜುಲೈ ಹೇಗೋ ಈ ಬಯಲುಸೀಮೆಗೆ ಸೆಪ್ಟೆಂಬರ್, ಅಕ್ಟೋಬರ್ ಹಾಗೆ. ಹಸ್ತ, ಚಿತ್ತಾ, ಸ್ವಾತಿ ಮಳೆ ಕೈಹಿಡಿದರೆ ವರ್ಷದ ಬದುಕು, ಇಲ್ಲದಿದ್ದರೆ ಸಾಲ. ಮೋಡ ಕವಿಯಿತೆಂದರೆ ಕಿತ್ತ ಬಳ್ಳಿಯನ್ನು ಒಟ್ಟಬೇಕು, ಕಾಯಿ ಬಿಡಿಸಬೇಕು. ಕೂಲಿ ಆಳು ಸಿಗದ ಮನೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯ ಎರಡು ಕೈಯೂ ಲೆಕ್ಕಕ್ಕೆ ಬರುತ್ತವೆ. ಹೊಳಲ್ಕೆರೆ, ಹೊಸದುರ್ಗದ ತೋಟದ ಸೀಮೆಯಲ್ಲಿ ಅಡಿಕೆ ಕೊಯ್ಲು, ಸುಲಿತ. ಹಿಂದಿನ ಬೆಂಚು ಯಾಕೆ ಖಾಲಿ ಎಂದು ಇಲ್ಲಿನ ಮೇಷ್ಟ್ರು ಯಾರನ್ನೂ ಕೇಳಬೇಕಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಹದಿನಾಲ್ಕನೇ ವಯಸ್ಸಿಗೆ ಮುಗಿಯುತ್ತದೆ. ಅಂದರೆ ಪ್ರೌಢಶಾಲೆಯ ಬಹುಪಾಲು ಮಕ್ಕಳು ಆ ಕಾಯ್ದೆಯ ಹೊಸ್ತಿಲು ದಾಟಿದವರು. ಹದಿನೈದು ದಿನ ಹೊಲಕ್ಕೆ ಹೋದ ಹುಡುಗ ಮರಳಿ ಬರುತ್ತಾನೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಈ ತಿಂಗಳುಗಳಲ್ಲೇ. ಅವನನ್ನು ಮರಳಿ ಕರೆತರುವುದು ಗಣಿತದ ಪಾಠವಲ್ಲ, ನಾಟಕದ ಪಾತ್ರ, ಕಬಡ್ಡಿ ತಂಡದಲ್ಲಿನ ಜಾಗ. ದಸರಾ ನಂತರದ ಎರಡನೇ ಅವಧಿಯ ಕಾರ್ಯಕ್ರಮಗಳನ್ನು ‘ಪಠ್ಯೇತರ’ ಎಂದು ಬದಿಗೆ ಸರಿಸುವವರು ಇದನ್ನು ಗಮನಿಸಿದಂತೆ ಕಾಣುವುದಿಲ್ಲ. ‘ನೀನು ಬರದಿದ್ದರೆ ಬಿಜ್ಜಳನ ಪಾತ್ರ ಯಾರು ಮಾಡಬೇಕು?’ ಎಂಬ ಮಾತಿಗಿರುವ ಎಳೆತ ಹಾಜರಿ ಪುಸ್ತಕಕ್ಕಿಲ್ಲ.

ಬಿಜ್ಜಳ, ಬಸವಣ್ಣರ ಹೆಸರು ಈ ಭಾಗದ ಶಾಲೆಗಳ ರಂಗದಲ್ಲಿ ಅಷ್ಟು ಸಲೀಸಾಗಿ ಓಡಾಡುವುದಕ್ಕೆ ಕಾರಣವಿದೆ. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಮಠದಲ್ಲಿದ್ದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ ಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆದರು. ಜೊತೆಗೆ ತಾವೇ ಶರಣರ ಕುರಿತ ನಾಟಕ ಬರೆದರು, ಕಲಾಸಂಘ ಕಟ್ಟಿ ಊರೂರಿಗೆ ಕಳಿಸಿದರು. ‘ಮರಣವೇ ಮಹಾನವಮಿ’ ಅವರದೇ ನಾಟಕ. ಅವರು ಲಿಂಗೈಕ್ಯರಾದದ್ದು 1992ರ ಸೆಪ್ಟೆಂಬರ್ 24ರಂದು. ಪ್ರತಿವರ್ಷ ಆ ದಿನದ ಆಸುಪಾಸಿನಲ್ಲಿ ಸಿರಿಗೆರೆಯಲ್ಲಿ ಶ್ರದ್ಧಾಂಜಲಿ ಸಮಾರಂಭ ನಡೆಯುತ್ತದೆ. ಶಾಲಾ ಮಕ್ಕಳ ಹಾಡು, ನೃತ್ಯ, ರೂಪಕಗಳಿಲ್ಲದೆ ಅದು ಪೂರ್ತಿಯಾಗುವುದಿಲ್ಲ.

ಅವರು ಹಚ್ಚಿದ ದೀಪ ಬೆಳೆದು ನಿಂತದ್ದು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಅಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು. ರಂಗಕರ್ಮಿ ಸಿ.ಜಿ. ಕೃಷ್ಣಸ್ವಾಮಿ ಜೊತೆ ನಿಂತರು. 1997ರಲ್ಲಿ ‘ಶಿವಸಂಚಾರ’ ಎಂಬ ತಿರುಗಾಟದ ತಂಡ ಹೊರಟಿತು. ವರ್ಷಕ್ಕೆ ಮೂರು ನಾಟಕ ಕಲಿತು, ಸಾಣೇಹಳ್ಳಿಯ ನಾಟಕೋತ್ಸವದಲ್ಲಿ ಮೊದಲು ಆಡಿ, ಆಮೇಲೆ ನಾಡೆಲ್ಲ ಸುತ್ತುವುದು ಅದರ ಪದ್ಧತಿ. ಉತ್ಸವ ನಡೆಯುವುದು ನವೆಂಬರ್ ಮೊದಲ ವಾರದ ಆಸುಪಾಸಿನಲ್ಲಿ, ಅಂದರೆ ಶಾಲೆಯ ಎರಡನೇ ಅವಧಿ ಆಗತಾನೇ ಕಣ್ಣುಬಿಟ್ಟಿರುವಾಗ.

ಸುತ್ತ ತೋಟ, ಹೊಲಗಳಿರುವ ಸಣ್ಣ ಊರು. ಅದರ ನಡುವೆ ಗ್ರೀಕ್ ಮಾದರಿಯ ಬಯಲು ರಂಗಮಂದಿರ. ಅರ್ಧ ಚಂದ್ರಾಕಾರದ ಮೆಟ್ಟಿಲುಗಳ ಮೇಲೆ ಸಂಜೆಯಾಗುತ್ತಲೇ ಜನ ಬಂದು ಕೂರುತ್ತಾರೆ: ಟ್ರ್ಯಾಕ್ಟರಿನಲ್ಲಿ ಬಂದ ರೈತರು, ಮಡಿಲಲ್ಲಿ ಕೂಸು ಮಲಗಿಸಿಕೊಂಡ ತಾಯಂದಿರು, ಬೆಂಗಳೂರಿನಿಂದ ಬಂದ ರಂಗಾಸಕ್ತರು, ಸಾಲಾಗಿ ಸಮವಸ್ತ್ರದ ಮಕ್ಕಳು. ಊರಿನ ಶಾಲೆಗಳ ಮಕ್ಕಳು ಇಲ್ಲಿ ಬರೀ ಪ್ರೇಕ್ಷಕರಲ್ಲ. ನಾಟಕಕ್ಕೆ ಮುಂಚೆ ವಚನ ಹಾಡುವವರು, ವಚನಕ್ಕೆ ಹೆಜ್ಜೆ ಹಾಕುವವರು ಅವರೇ. ಅದಾದ ಮೇಲೆ ಅದೇ ಅಂಗಳಕ್ಕೆ ಬೇರೆ ರಾಜ್ಯದ ತಂಡವೋ ನೀನಾಸಂ ತಂಡವೋ ಬರುತ್ತದೆ. ದೊಡ್ಡ ನಟರು ನಿಲ್ಲುವ ಜಾಗದಲ್ಲೇ ತಾನೂ ನಿಂತಿದ್ದೆ ಎಂದು ಎಂಟನೇ ತರಗತಿಯ ಮಗುವಿಗೆ ಅನ್ನಿಸುವುದು ಸಣ್ಣ ಸಂಗತಿಯೇನಲ್ಲ. ಮುಂದೆ ರಂಗವನ್ನೇ ಹಿಡಿಯಬೇಕೆನಿಸಿದರೆ ಅಲ್ಲೇ ರಂಗಶಿಕ್ಷಣದ ಶಾಲೆಯೂ ಇದೆ. ರಾಜಧಾನಿಯ ದುಬಾರಿ ಶಾಲೆಗಳ ಮಕ್ಕಳಿಗೂ ಸುಲಭಕ್ಕೆ ದಕ್ಕದ ಇಂಥ ನವೆಂಬರ್, ಮಳೆ ನಂಬಿ ಬದುಕುವ ಈ ತಾಲ್ಲೂಕಿನ ಮಕ್ಕಳಿಗೆ ದಕ್ಕಿದೆ.

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯದು ಇನ್ನೊಂದು ದಾರಿ. ‘ತಿರುಕ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ರಾಘವೇಂದ್ರ ಸ್ವಾಮೀಜಿ 1943ರಲ್ಲಿ ಅಲ್ಲಿ ನೆಲೆ ನಿಂತು ಅನಾಥ ಸೇವಾಶ್ರಮ ಕಟ್ಟಿದರು. ಯೋಗ, ವ್ಯಾಯಾಮ, ಆಯುರ್ವೇದ, ಶಾಲೆ ಎಲ್ಲವೂ ಒಂದೇ ಅಂಗಳದಲ್ಲಿ. ಮೈ ಗಟ್ಟಿಯಾದರೆ ಮನಸ್ಸು ತಾನಾಗಿ ಕಲಿಯುತ್ತದೆಂಬ ಅವರ ನಂಬಿಕೆಯ ಬಿಸಿ ಈ ಭಾಗದ ಕ್ರೀಡಾಕೂಟಗಳಲ್ಲಿ ನನಗೆ ಈಗಲೂ ಕಾಣುತ್ತದೆ.

ರಂಗ, ಮೈದಾನಗಳ ಹೊರಗೂ ಇಲ್ಲಿ ಪಾಠಗಳಿವೆ. ಹಿರಿಯೂರಿನವರಿಗೆ ಹೆಚ್ಚು ಹತ್ತಿರದ್ದು ವಾಣಿವಿಲಾಸ ಸಾಗರ, ಅವರ ಬಾಯಲ್ಲಿ ಮಾರಿಕಣಿವೆ. 1933ರಲ್ಲಿ ಕೋಡಿ ಬಿದ್ದಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ನಂತರ. ಮುತ್ತಜ್ಜನ ಕಾಲದ ಕಥೆಯಾಗಿದ್ದದ್ದನ್ನು ಮಕ್ಕಳು ಕಣ್ಣಾರೆ ನೋಡಿದರು. ವೇದಾವತಿ ನದಿಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ತರಗತಿ ಇರಲಿಲ್ಲ.

ದುರ್ಗದ ಪೇಟೆಯಲ್ಲಿ ನವೆಂಬರ್ ತುಂಬ ಸಡಗರ. ಒಂದರಂದು ರಾಜ್ಯೋತ್ಸವದ ಮೆರವಣಿಗೆ, ಹದಿನಾಲ್ಕಕ್ಕೆ ಮಕ್ಕಳ ದಿನಾಚರಣೆ, ಅದರ ಹಿಂದೆ ಮುಂದೆ ಕನಕ ಜಯಂತಿ. ನಡುವೆ ಹನ್ನೊಂದರಂದು ಒನಕೆ ಓಬವ್ವ ಜಯಂತಿ. ಅದನ್ನು ಸರ್ಕಾರವೇ ಆಚರಿಸತೊಡಗಿದ್ದು 2021ರಿಂದ. ಛದ್ಮವೇಷದಲ್ಲಿ ಕಚ್ಚೆ ಹಾಕಿ ಒನಕೆ ಎತ್ತುವ ಹುಡುಗಿಯರಿಗೆ ಇಲ್ಲಿ ಎಂದೂ ಕೊರತೆಯಿರಲಿಲ್ಲ. ಕೋಟೆಯಲ್ಲಿನ ಓಬವ್ವನ ಕಿಂಡಿಯ ಕಲ್ಲನ್ನು ಮುಟ್ಟಿ ಬಂದ ಹುಡುಗಿ ಒನಕೆ ಹಿಡಿಯುವ ಬಗೆಯೇ ಬೇರೆ. ಪ್ರತಿಭಾ ಕಾರಂಜಿಯ ಕ್ಲಸ್ಟರ್, ತಾಲ್ಲೂಕು, ಜಿಲ್ಲಾ ಸುತ್ತುಗಳಲ್ಲಿ ಕಂಠಪಾಠ, ಆಶುಭಾಷಣ, ಜಾನಪದ ಗೀತೆ, ಕವ್ವಾಲಿ ಎಂದು ಮಕ್ಕಳು ಹೊತ್ತು ಗೊತ್ತಿಲ್ಲದೆ ತಾಲೀಮು ಮಾಡುವುದೂ ಇದೇ ಅವಧಿಯ ಸುತ್ತಮುತ್ತ.

ಈ ಎಲ್ಲದರ ಎದುರು ಈಗ ನಿಂತಿರುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿ. 2023ರಲ್ಲಿ ಚಿತ್ರದುರ್ಗ ಶೇ 96.80 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲ ಜಿಲ್ಲೆಯಾಯಿತು. ಹಿಂದುಳಿದ ಜಿಲ್ಲೆ ಎಂಬ ಮಾತು ಕೇಳಿ ಕೇಳಿ ಬೇಸತ್ತವರಿಗೆ ಅದು ಹಬ್ಬ. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಇಡೀ ರಾಜ್ಯದ ಫಲಿತಾಂಶ ಕುಸಿಯಿತು, ಮೊದಲ ಸ್ಥಾನ ಉಡುಪಿಗೆ ಹೋಯಿತು. ಕಳೆದುಕೊಂಡ ಸ್ಥಾನವನ್ನು ಮರಳಿ ಪಡೆಯುವ ಒತ್ತಡ ಮುಖ್ಯಶಿಕ್ಷಕರ ಹೆಗಲ ಮೇಲಿದೆ. ಹಾಗಾಗಿ ಬೆಳಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ವಾರಕ್ಕೊಂದು ಕಿರುಪರೀಕ್ಷೆ. ಹತ್ತನೇ ತರಗತಿಯವರನ್ನು ನಾಟಕದಿಂದ, ಆಟದಿಂದ ಮೊದಲು ಬಿಡಿಸುತ್ತಾರೆ, ನೋಡನೋಡುತ್ತ ಒಂಬತ್ತನೆಯವರನ್ನೂ.

ಇದು ತಪ್ಪು ಲೆಕ್ಕ ಎಂದು ನಾನು ಬಲವಾಗಿ ನಂಬುತ್ತೇನೆ. ಪರೀಕ್ಷೆಯಲ್ಲಿ ಸೋಲುವ ಮಕ್ಕಳ ದೊಡ್ಡ ಕಷ್ಟ ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಳ್ಳುವುದು, ಉತ್ತರವನ್ನು ಸ್ವಂತ ಮಾತಿನಲ್ಲಿ ಕಟ್ಟುವುದು. ನಾಟಕದ ತಾಲೀಮು ಹೇಳಿಕೊಡುವುದು ಅದನ್ನೇ. ಮಾತಿನ ಅರ್ಥ ತಿಳಿಯದೆ ಅದನ್ನು ಆಡಲಾಗುವುದಿಲ್ಲ. ವಾರಕ್ಕೆರಡು ಸಂಜೆ ತಾಲೀಮಿಗೆ ಬಿಟ್ಟುಕೊಟ್ಟರೆ ಉಳಿದ ಸಂಜೆಗಳ ಗುಂಪು ಅಧ್ಯಯನಕ್ಕೆ ಮಕ್ಕಳು ತಾವಾಗಿ ಬರುತ್ತಾರೆ. ಕಾಯಿ ಬಿಡಿಸುವುದನ್ನು ಮುಗಿಸಿ, ಮಣ್ಣಾದ ಕೈ ತೊಳೆದುಕೊಂಡು ಬರುವವರೂ ಇರುತ್ತಾರೆ.

ಇದಕ್ಕೆ ಶಾಲೆಯ ಮನಸ್ಸೊಂದೇ ಸಾಲದು. ನವೆಂಬರಿನಲ್ಲಿ ಬೇಗ ಕತ್ತಲಾಗುತ್ತದೆ. ಐದೂವರೆಗೆ ತಾಲೀಮು ನಿಂತರೆ ಹೋಬಳಿಯಿಂದ ಒಳಗಿನ ಹಳ್ಳಿಗಳಿಗೆ ಹೋಗುವ ಹುಡುಗಿಯರಿಗೆ ಬಸ್ಸು ಬೇಕು. 2023ರ ಶಕ್ತಿ ಯೋಜನೆಯಿಂದ ಅವರಿಗೆ ಟಿಕೆಟಿನ ಚಿಂತೆ ತಪ್ಪಿದೆ, ಬಸ್ಸಿನ ವೇಳೆಯ ಚಿಂತೆ ತಪ್ಪಿಲ್ಲ. ಬಸ್ಸು ತಪ್ಪೀತೆಂಬ ಭಯಕ್ಕೆ ಹುಡುಗಿಯರನ್ನು ಪಾತ್ರಕ್ಕೇ ಕಳಿಸದ ಮನೆಗಳಿವೆ. ಜಿಲ್ಲೆಯ ಬಸ್ ಡಿಪೋಗಳವರು, ತಾಲ್ಲೂಕಿನ ಶಿಕ್ಷಣಾಧಿಕಾರಿಗಳು, ಶಾಲಾಭಿವೃದ್ಧಿ ಸಮಿತಿಯವರು ರಜೆ ಮುಗಿಯುವ ಮುನ್ನ ಒಮ್ಮೆ ಜೊತೆಗೆ ಕೂರಲಿ. ಶಾಲೆಗಳು ತಮ್ಮ ತಾಲೀಮಿನ ದಿನಗಳನ್ನು ಹೇಳಲಿ, ಸಂಜೆಯ ಹಳ್ಳಿ ಬಸ್ಸು ಆ ದಿನಗಳಲ್ಲಿ ಆರು ಗಂಟೆಗೆ ಶಾಲೆಯ ಮುಂದಿನಿಂದಲೇ ಹೊರಡಲಿ.