ಡಾಕ್ಟರ ಹತ್ರ ಕುಡಿತದ ವಿಷಯ ಎತ್ತಬೇಡಿ ಅಂದವನು ನಾನೇ

ಮೂರು ವರ್ಷದ ಹಿಂದೆ ನನ್ನ ಸೋದರಮಾವ ತೋಟದ ಕಾಲುವೆ ದಾಟುವಾಗ ಜಾರಿ ಬಿದ್ದು ಬಲಗಾಲು ಮುರಿದುಕೊಂಡರು. ತಿಪಟೂರಿನ ಹತ್ತಿರದ ಹಳ್ಳಿ. ತೆಂಗು, ಕೊಬ್ಬರಿ, ಸಂಜೆಯಾದರೆ ಒಂದು ಕ್ವಾರ್ಟರ್. ಮೊದಲು ಸಂಜೆಗಷ್ಟೇ ಇತ್ತು, ಆಮೇಲೆ ಮಧ್ಯಾಹ್ನಕ್ಕೂ ಬಂತು, ಕೊನೆಗೆ ಬೆಳಗ್ಗೆ ಎದ್ದ ತಕ್ಷಣ ಕೈನಡುಕ ನಿಲ್ಲಿಸೋಕೂ ಬೇಕಾಯ್ತು. ತುಮಕೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಮಾವನ ಮಗಳು ಬೆಂಗಳೂರಲ್ಲಿ ಕೆಲಸಕ್ಕಿದ್ದಾಳೆ, ಅಪ್ಪ ಅಮ್ಮನಿಗೆ ಅಂತ ಹೆಲ್ತ್ ಇನ್ಶೂರೆನ್ಸ್ ಮಾಡಿಸಿದ್ದಳು. ಆಸ್ಪತ್ರೆಯಿಂದ ಫೋನ್ ಮಾಡಿದಳು.

"ಭಾವ, ಅಡ್ಮಿಷನ್ ಫಾರಂನಲ್ಲಿ ಕುಡಿಯುವ ಅಭ್ಯಾಸ ಇದೆಯಾ ಅಂತ ಒಂದು ಕಾಲಂ ಇದೆ. ಏನ್ ಬರೀಲಿ?"

ನಾನು ಎಂಜಿನಿಯರಿಂಗ್ ಓದಿದವನು. ಪತ್ರಕರ್ತನಾದ ಮೇಲೂ ಪಿಡಿಎಫ್ ಕಂಡರೆ ಮೊದಲು ಹುಡುಕೋದು 'ಇದರಲ್ಲಿ ಏನಿಲ್ಲ' ಅನ್ನೋದನ್ನೇ. ಪಾಲಿಸಿ ತರಿಸಿಕೊಂಡು, ವಿಮೆ ಯಾವುದಕ್ಕೆಲ್ಲ ಸಿಗೋದಿಲ್ಲ ಅನ್ನೋ ಪುಟಕ್ಕೆ ಹೋದೆ. ಅಲ್ಲಿತ್ತು: ಕೋಡ್ ಎಕ್ಸ್‌ಕ್ಲ್ 12. ಮದ್ಯವ್ಯಸನ, ಮಾದಕವಸ್ತು ಅಥವಾ ಯಾವುದೇ ವ್ಯಸನದ ಚಿಕಿತ್ಸೆ, ಮತ್ತು ಅದರ ಪರಿಣಾಮಗಳ ಚಿಕಿತ್ಸೆ, ಇವಕ್ಕೆ ದುಡ್ಡು ಕೊಡುವುದಿಲ್ಲ. 'ಪರಿಣಾಮಗಳು' ಅನ್ನೋ ಪದಕ್ಕೆ ಎಲ್ಲೆಯೇ ಇಲ್ಲ. ಮುರಿದ ಕಾಲನ್ನೂ ಅದರೊಳಗೆ ತುರುಕಬಹುದು.

"ಇಲ್ಲ ಅಂತ ಬರಿ" ಅಂದೆ. "ಅತ್ತೆಗೂ ಹೇಳು, ಡಾಕ್ಟರ ಹತ್ರ ಕುಡಿತದ ವಿಷಯ ಎತ್ತಬೇಡಿ ಅಂತ."

ಕಾಲಿನ ಆಪರೇಷನ್ ಚೆನ್ನಾಗೇ ಆಯ್ತು. ಎರಡನೇ ರಾತ್ರಿ ಮಾವನಿಗೆ ಫಿಟ್ಸ್ ಬಂತು. ಬಿದ್ದಾಗ ತಲೆಗೇನಾದರೂ ಪೆಟ್ಟಾಗಿದೆಯಾ ಅಂತ ಸ್ಕ್ಯಾನ್ ಮಾಡಿಸಿದರು, ಏನೂ ಸಿಗಲಿಲ್ಲ. ಮೂರನೇ ದಿನ ಗೋಡೆ ತುಂಬ ಇರುವೆ ಅಂತ ಕೂಗಾಡಿದರು, ಡ್ರಿಪ್ ಕಿತ್ತೆಸೆದರು, ಆಪರೇಷನ್ ಆದ ಕಾಲಲ್ಲೇ ಎದ್ದು ನಿಲ್ಲೋಕೆ ಹೋದರು. ಡ್ಯೂಟಿ ಡಾಕ್ಟರ್ ಅತ್ತೆಯನ್ನು ಪಕ್ಕಕ್ಕೆ ಕರೆದು, "ಅಮ್ಮಾ, ನಿಜ ಹೇಳಿ, ಇವರು ದಿನಾ ಕುಡೀತಿದ್ರಾ?" ಅಂತ ಕೇಳಿದರಂತೆ. ಅತ್ತೆ ಮೊದಲು ಮಗಳ ಮುಖ ನೋಡಿದರಂತೆ.

ಇದರ ಹಿಂದಿನ ವೈದ್ಯಕೀಯ ಕಷ್ಟದ್ದೇನಲ್ಲ. ವರ್ಷಗಟ್ಟಲೆ ದಿನಾ ಕುಡಿದವರ ಮಿದುಳು, ನರಗಳನ್ನು ಮಂದ ಮಾಡುವ ಮದ್ಯಕ್ಕೆ ಹೊಂದಿಕೊಂಡು ತಾನು ಒಂದು ಗೇರ್ ಮೇಲೇ ಓಡುತ್ತಿರುತ್ತದೆ. ಮದ್ಯ ಏಕಾಏಕಿ ನಿಂತರೆ ಬ್ರೇಕ್ ಇಲ್ಲದ ಗಾಡಿ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು-ಮೂರನೇ ದಿನದ ಹೊತ್ತಿಗೆ ಡೆಲಿರಿಯಂ ಟ್ರೆಮೆನ್ಸ್ ಅನ್ನುವ ಭ್ರಮೆಯ ಸ್ಥಿತಿ ಬರಬಹುದು. ಚಿಕಿತ್ಸೆ ಇಲ್ಲದಿದ್ದರೆ ಜೀವವೇ ಹೋಗಬಹುದು. ಮೊದಲೇ ಗೊತ್ತಿದ್ದರೆ ಇದನ್ನು ತಡೆಯೋಕೆ ಬೇಕಾಗಿರುವುದು ಲೋರಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ತರಹದ ಹಳೆಯ ಅಗ್ಗದ ಔಷಧ, ಜೊತೆಗೆ ಥಯಮಿನ್ ಎಂಬ ವಿಟಮಿನ್. ಗೊತ್ತಿದ್ದರೆ!

ಮಾವ ನಾಲ್ಕು ದಿನ ಐಸಿಯುನಲ್ಲಿದ್ದು ಬದುಕಿ ಬಂದರು. ಕಾಲಿನ ದುಡ್ಡು ವಿಮೆಯಿಂದ ಬಂತು. ಐಸಿಯು ದುಡ್ಡು ಬರಲಿಲ್ಲ, ಕಾರಣ ಅದೇ 12. ಅತ್ತೆಯ ಎರಡು ಬಳೆ ಗಿರವಿ ಅಂಗಡಿಗೆ ಹೋದವು.

ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿರುವ ಪ್ರಶ್ನೆ ಇದು: ವ್ಯಸನದ ಚಿಕಿತ್ಸೆಗೆ ದುಡ್ಡು ಕೊಡಬೇಕಾದವರು ಯಾರು? ಕಾನೂನು ತೆರೆದು ನೋಡಿದರೆ ಉತ್ತರ ಸ್ಪಷ್ಟವಾಗೇ ಇದೆ. ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ 2017, ಮೇ 2018ರಿಂದ ಜಾರಿಯಲ್ಲಿದೆ. ಅದರಲ್ಲಿ 'ಮಾನಸಿಕ ಕಾಯಿಲೆ'ಯ ವ್ಯಾಖ್ಯೆಯೊಳಗೇ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳು ಸೇರಿವೆ. ಸೆಕ್ಷನ್ 21(4) ಹೇಳುವುದು ಇಷ್ಟೇ: ದೈಹಿಕ ಕಾಯಿಲೆಗೆ ಹೇಗೋ ಹಾಗೇ ಮಾನಸಿಕ ಕಾಯಿಲೆಗೂ ಪ್ರತಿಯೊಬ್ಬ ವಿಮಾದಾರ ವಿಮೆ ಒದಗಿಸಬೇಕು. ಎರಡನ್ನೂ ಸೇರಿಸಿ ಓದಿ. ವ್ಯಸನ ಕಾಯಿಲೆ, ಕಾಯಿಲೆಗೆ ವಿಮೆ ಕಡ್ಡಾಯ.

ಹಾಗಾದ್ರೆ ಎಕ್ಸ್‌ಕ್ಲ್ 12 ಎಲ್ಲಿಂದ ಬಂತು? ಯಾವುದೋ ಕಂಪನಿಯ ಕಿತಾಪತಿ ಅಂದುಕೊಂಡಿದ್ದೆ. ಅಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐ ಸೆಪ್ಟೆಂಬರ್ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪದಗಳೇ ಅವು, ಕೋಡ್ ಸಮೇತ. ತಮಾಷೆ ಅಂದ್ರೆ ಮಾನಸಿಕ ಕಾಯಿಲೆಯನ್ನು ಯಾವ ಪಾಲಿಸಿಯೂ ಹೊರಗಿಡಕೂಡದು ಅಂತ ಹೇಳಿರುವುದೂ ಅದೇ ಮಾರ್ಗಸೂಚಿ. 2022ರ ಅಕ್ಟೋಬರ್‌ನಲ್ಲಿ, ಆ ತಿಂಗಳ ಕೊನೆಯೊಳಗೆ ಎಲ್ಲ ಪಾಲಿಸಿಗಳೂ 2017ರ ಕಾಯ್ದೆಗೆ ಹೊಂದಬೇಕು ಅಂತ ಮತ್ತೊಂದು ಸುತ್ತೋಲೆ ಬಂತು. ಹೊಂದಿದವು ಅಂತಲೇ ಲೆಕ್ಕ. ನಿಮ್ಮ ಪಾಲಿಸಿ ತೆಗೆದು ನೋಡಿ, ಹನ್ನೆರಡನೆಯದು ಇನ್ನೂ ಅಲ್ಲೇ ಇರುತ್ತದೆ.

ವಿಮಾದಾರರ ವಾದ ಏನಿರುತ್ತೆ ಅಂತ ನನಗೆ ಗೊತ್ತು: ತಾನೇ ತಂದುಕೊಂಡಿದ್ದಕ್ಕೆ ಬೇರೆಯವರ ಪ್ರೀಮಿಯಂ ಯಾಕೆ? ಈ ವಾದಕ್ಕೆ ನಮ್ಮ ಮನೆಗಳಲ್ಲೂ ಬೆಂಬಲ ಇದೆ, ನಮ್ಮಮ್ಮನೇ ತಮ್ಮನ ಬಗ್ಗೆ ಇದನ್ನೇ ಹೇಳುತ್ತಿದ್ದರು. ಆದರೆ ಮೂವತ್ತು ವರ್ಷ ಸಿಗರೇಟು ಸೇದಿದವರ ಹೃದಯಕ್ಕೆ ಸ್ಟೆಂಟ್ ಹಾಕಿಸುವಾಗ ಈ ಪ್ರಶ್ನೆ ಇಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ. ಅಲ್ಲದೆ ಸಂಸತ್ತು ಈ ವಾದವನ್ನು ಮುಗಿಸಿಯೇ ಕಾನೂನು ಬರೆದಿದೆ. ಸಂಸತ್ತಿನ ಕಾಯ್ದೆಯನ್ನು ನಿಯಂತ್ರಕರ ಒಂದು ಸಾಲು ಮೀರುವುದಾದರೆ ಕಾಯ್ದೆ ಯಾಕೆ ಬೇಕಿತ್ತು ಅನ್ನೋದು ನನ್ನ ಪ್ರಶ್ನೆ.

ಹಾಗಂತ 12 ನಾಳೆಯೇ ರದ್ದಾದರೂ ಕಷ್ಟ ಅರ್ಧವೇ ತೀರುತ್ತದೆ. ನಮ್ಮ ವಿಮೆ ಕಟ್ಟಿರುವುದೇ ಆಸ್ಪತ್ರೆ ಹಾಸಿಗೆಯ ಸುತ್ತ. ಕನಿಷ್ಠ 24 ಗಂಟೆ ಮಲಗಬೇಕು, ಆಗ ಬಿಲ್ಲು. ವ್ಯಸನದ ಚಿಕಿತ್ಸೆಯಲ್ಲಿ ಹಾಸಿಗೆಯ ಕೆಲಸ ವಾರ, ಹತ್ತು ದಿನ. ಆಮೇಲಿನದು ತಿಂಗಳುಗಟ್ಟಲೆ ಮಾತ್ರೆ, ಕೌನ್ಸೆಲಿಂಗ್, ಮತ್ತೆ ಕುಡಿದರೆ ಬೈಯದೆ ಮೊದಲಿಂದ ಶುರುಮಾಡುವ ಒಬ್ಬ ಡಾಕ್ಟರ್. ತುಂಬ ಜನರಿಗೆ ದಾಖಲಾಗುವ ಅಗತ್ಯವೇ ಇಲ್ಲ, ಹೊರರೋಗಿಯಾಗಿ ಬಂದುಹೋದರೆ ಸಾಕು. ಅಂದ್ರೆ ಅಗ್ಗದ, ಮಾಡಲೇಬೇಕಾದ ಭಾಗಕ್ಕೆ ವಿಮೆ ಇಲ್ಲ. ಅದನ್ನು ಬಿಟ್ಟು ಐಸಿಯುಗೆ ಬಂದು ಬಿದ್ದರೆ, ಆಗಲೂ ಇಲ್ಲ.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಕೊಡುವ ಆಯುಷ್ಮಾನ್ ಭಾರತ್‌ನ ಕಥೆಯೂ ಹೆಚ್ಚುಕಡಿಮೆ ಇದೇ. ದಾಖಲಾಗುವ ಮಾನಸಿಕ ಕಾಯಿಲೆಗಳ ಕೇಂದ್ರದ ಪ್ಯಾಕೇಜ್ ಪಟ್ಟಿಯಲ್ಲಿ ವ್ಯಸನಕ್ಕೂ ಒಂದು ಸಾಲಿದೆ. ಯೋಜನೆಯ ಹೊರಗಿಟ್ಟ ಪಟ್ಟಿಯಲ್ಲಿ ಹೊರರೋಗಿ ಚಿಕಿತ್ಸೆ ಮತ್ತು ಡ್ರಗ್ ರಿಹ್ಯಾಬ್ ಇವೆ.

ಹೀಗೆ ಎಲ್ಲ ಬಾಗಿಲು ಮುಚ್ಚಿದಾಗ ತೆರೆದಿರುವುದು ಖಾಸಗಿ 'ಸೆಂಟರ್'. ಮಾವ ಮತ್ತೆ ಶುರುಮಾಡಿದಾಗ ಅತ್ತೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ, ಬೆಂಗಳೂರಿನ ಹೊರವಲಯದ ಒಂದು ಕಡೆ ತಿಂಗಳಿಗೆ 15,000ದಂತೆ ಮೂರು ತಿಂಗಳು ಇರಿಸಿದರು. ಫೋನ್ ಇಲ್ಲ, ಮನೆಯವರು ನೋಡೋ ಹಾಗಿಲ್ಲ. ಮೂರು ತಿಂಗಳಲ್ಲಿ ಒಬ್ಬ ಮನೋವೈದ್ಯರೂ ಬರಲಿಲ್ಲ ಅಂತ ಆಮೇಲೆ ತಿಳಿಯಿತು. ಹೊರಬಂದ ಹನ್ನೊಂದನೇ ದಿನಕ್ಕೆ ಕುಡಿದರು. ಇಂಥ ಕೇಂದ್ರಗಳು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಕಾಯ್ದೆ ಪೂರ್ತಿ ನಿಷೇಧಿಸಿದೆ. ದುಡ್ಡು ಕಟ್ಟೋ ಮೊದಲು ನೋಂದಣಿ ಸಂಖ್ಯೆ ಕೇಳಿ. ನಾವು ಕೇಳಲಿಲ್ಲ.

ಎಷ್ಟು ಜನರ ಕಥೆ ಇದು? ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ಮಾಡಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಪ್ರಕಾರ, ಮದ್ಯದ ಸಮಸ್ಯೆಗೆ ನೆರವು ಬೇಕಾದವರು ದೇಶದಲ್ಲಿ ಸುಮಾರು 5.7 ಕೋಟಿ. ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು.

ಈಗ ದುಡ್ಡಿನ ಇನ್ನೊಂದು ತುದಿಗೆ ಬರೋಣ. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ದಿನಕ್ಕೆ ಸುಮಾರು 110 ಕೋಟಿ. ಮದ್ಯ ಜಿಎಸ್‌ಟಿಯ ಹೊರಗಿದೆ, ಹಾಗಾಗಿ ದೆಹಲಿಯನ್ನು ಕೇಳದೆ ರಾಜ್ಯ ತಾನೇ ಏರಿಸಬಹುದಾದ ಕೆಲವೇ ತೆರಿಗೆಗಳಲ್ಲಿ ಇದೊಂದು. ರಾಜ್ಯದ ಸ್ವಂತ ತೆರಿಗೆಯಲ್ಲಿ ಸರಿಸುಮಾರು ಐದರಲ್ಲೊಂದು ಪಾಲು ಇಲ್ಲಿಂದ. 2007ರಲ್ಲಿ ಸಾರಾಯಿ ನಿಷೇಧ ಆದ ಮೇಲೂ ಯಾವ ಪಕ್ಷ ಬಂದರೂ ಈ ಗುರಿಗೆ ಏರುವುದೊಂದೇ ದಾರಿ. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಅಂತ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದರು. ನಾನು ನಿಷೇಧದ ಪರ ಇಲ್ಲ, ನಿಷೇಧ ಇದ್ದ ಕಡೆ ಕಳ್ಳಬಟ್ಟಿ ಏನು ಮಾಡಿದೆ ಅಂತ ನೋಡಿದ್ದೇವೆ. ಆದರೆ ಬಡವರು ಕುಡಿದ ತೆರಿಗೆಯಲ್ಲಿ ಅವರ ಚಿಕಿತ್ಸೆಗೆ ಎಷ್ಟು ಅಂತ ಆ ಹೆಣ್ಣುಮಕ್ಕಳು ಕೇಳಿದರೆ ಉತ್ತರ ಕೊಡಲೇಬೇಕು. ಪಕ್ಕದ ಕೇರಳದಲ್ಲಿ ಅಬಕಾರಿ ಇಲಾಖೆಯೇ 'ವಿಮುಕ್ತಿ' ಹೆಸರಲ್ಲಿ ಹದಿನಾಲ್ಕೂ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ವ್ಯಸನಮುಕ್ತಿ ಕೇಂದ್ರ ನಡೆಸುತ್ತದೆ. ಮಾರುವವರಿಂದ ದುಡ್ಡು ಎತ್ತುವ ಇಲಾಖೆಯೇ ಬಿಡಿಸುವ ಕೆಲಸವನ್ನೂ ಮಾಡಲಿ ಅನ್ನೋದು ಒಂದು ರೀತಿಯ ನ್ಯಾಯ. ನಮ್ಮ 40,000 ಕೋಟಿಯಲ್ಲಿ ನೂರಕ್ಕೆ ಎರಡು ರೂಪಾಯಿ ಎತ್ತಿಟ್ಟರೂ 800 ಕೋಟಿ ಆಗುತ್ತದೆ.

ಉಚಿತ ವ್ಯವಸ್ಥೆ ಇಲ್ಲವೇ ಇಲ್ಲ ಅಂತಲ್ಲ, ನಮಗೆ ಯಾರೂ ಹೇಳಲಿಲ್ಲ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಕೇಂದ್ರ ಇದೆ. ಕೇಂದ್ರ ಸರ್ಕಾರದ ಅನುದಾನದಲ್ಲಿ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳಿವೆ, ಎಲ್ಲಿವೆ ಅಂತ 14446ಕ್ಕೆ ಕರೆ ಮಾಡಿ ಕೇಳಬಹುದು. ಟೆಲಿ ಮನಸ್ ಸಂಖ್ಯೆ 14416. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಶುಲ್ಕ ಇಲ್ಲ. ಮತ್ತೆ ನಮ್ಮ ರಾಜ್ಯದ 'ಮನೋಚೈತನ್ಯ': ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬರುತ್ತಾರೆ. ಅಗತ್ಯ ಔಷಧ ಪಟ್ಟಿಯಲ್ಲಿರುವ ಮಾತ್ರೆಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಬೇಕು ಅನ್ನೋದೂ ಅದೇ 2017ರ ಕಾಯ್ದೆ, ಸೆಕ್ಷನ್ 18. ಕಾಯ್ದೆ ಹೇಳಿದ ಕನಿಷ್ಠ ಸೇವೆಯೂ ನಿಮ್ಮ ಜಿಲ್ಲೆಯಲ್ಲಿ ಇಲ್ಲದಿದ್ದರೆ, ಅಲ್ಲಿನ ಬೇರೆ ಕಡೆ ಪಡೆದ ಚಿಕಿತ್ಸೆಯ ಖರ್ಚು ಸರ್ಕಾರದ್ದು ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ಈ ಸಾಲನ್ನು ಹಿಡಿದು ಯಾರಾದರೂ ಡಿಸಿ ಕಚೇರಿಗೆ ಅರ್ಜಿ ಹಾಕಿದ್ದರೆ ನನಗೆ ಬರೆಯಿರಿ.

ವಿಮೆ ತಿರಸ್ಕಾರ ಆದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು, ಅಲ್ಲಿ ಆಗದಿದ್ದರೆ ವಿಮಾ ಒಂಬುಡ್ಸ್‌ಮನ್. ಶುಲ್ಕ ಇಲ್ಲ, ವಕೀಲರೂ ಬೇಡ. ಮಾವನ ಮಗಳು ಕಂಪನಿಗೆ ಬರೆದು ಸುಮ್ಮನಾದಳು. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ಒಂಬುಡ್ಸ್‌ಮನ್‌ಗೆ ಹೋಗಬೇಕು ಅಂತ ನಮಗೆ ತಿಳಿದಾಗ ಆ ವರ್ಷ ಮುಗಿದಿತ್ತು.

ಮಾವ ಈಗ ಮಂಗಳವಾರದ ಡಾಕ್ಟರ ಹತ್ತಿರ ಹೋಗುತ್ತಾರೆ. ಜೊತೆಗೆ ಹೋಗುವ ಅತ್ತೆಗೆ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ, ಮಾವ ಟಿಕೆಟ್ ತಗೊಳ್ಳಬೇಕು. ಅದಕ್ಕೆ ಅತ್ತೆ ಅವರನ್ನು ರೇಗಿಸುತ್ತಾರೆ. ನಡುವೆ ಒಂದು ಸಲ ಜಾರಿದರು, ಡಾಕ್ಟರ್ ಬೈಯಲಿಲ್ಲ, ಮಾತ್ರೆ ಬದಲಾಯಿಸಿದರು. ಈಗ ಹದಿನಾಲ್ಕು ತಿಂಗಳಾಯ್ತು.

ಕಳೆದ ತಿಂಗಳು ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಫಾರಂನಲ್ಲಿ ಅದೇ ಕಾಲಂ. ಮಗಳು ಮತ್ತೆ ನನಗೆ ಫೋನ್ ಮಾಡಿದಳು. ನಾನು ಬಾಯಿ ತೆರೆಯೋ ಮೊದಲೇ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಅವನನ್ನೇನು ಕೇಳ್ತೀಯ, ಕೊಡಿಲ್ಲಿ." ಹೌದು, ಬಿಟ್ಟು ಹದಿನಾಲ್ಕು ತಿಂಗಳು ಅಂತ ತಾವೇ ಬರೆದು ಕೊಟ್ಟರಂತೆ. ಕ್ಲೇಮ್ ಇನ್ನೂ 'ಪರಿಶೀಲನೆಯಲ್ಲಿದೆ'.