ಕೆರೆಗೆ ಕಟ್ಟುಕೊಡಗೆ, ಸೇತುವೆಗೆ ಏನು? ಶ್ರೀರಂಗಪಟ್ಟಣದ ಕಲ್ಲುಕಂಬಗಳ ಮುಂದೆ ನಿಂತು

ಐಹೊಳೆಯ ಮೇಗುತಿ ಶಾಸನದ ಹೆಸರನ್ನ ನಾವು ಇಳಕಲ್-ಹುನಗುಂದ ಕಡೆಯವರು ಸಾಲಿಗೆ ಹೋಗುವಾಗಿನಿಂದ ಕೇಳಿಕೊಂಡು ಬಂದವರು. ಶಕ ವರ್ಷ 556, ಅಂದರೆ ಕ್ರಿ.ಶ. 634-35. ಕವಿ ರವಿಕೀರ್ತಿ, ಅರಸ ಇಮ್ಮಡಿ ಪುಲಕೇಶಿ. ಹರ್ಷವರ್ಧನನನ್ನು ಸೋಲಿಸಿದ ಮಾತು ಎಲ್ಲರ ಬಾಯಲ್ಲೂ ಇದೆ. ಅದೇ ಶಾಸನದಲ್ಲಿ ಕಾವೇರಿಯ ಮೇಲೂ ಒಂದು ಶ್ಲೋಕ ಇದೆ. ಅದನ್ನು ಎತ್ತಿ ಹೇಳುವವರು ಕಡಿಮೆ. ಚೋಳರನ್ನು ಗೆಲ್ಲಲು ಪುಲಕೇಶಿ ಹೊರಟಾಗ ಅವನ ಮದ್ದಾನೆಗಳೇ ನದಿಗೆ ಅಡ್ಡ ಸೇತುವಾಗಿ ನಿಂತವು, ನೀರು ತಡೆದು ಕಾವೇರಿ ಸಮುದ್ರ ಸೇರುವುದೇ ನಿಂತಿತು ಅನ್ನುವುದು ಅದರ ಭಾವ. ಮೀನುಗಳೇ ಅವಳ ಚಂಚಲ ಕಣ್ಣು ಅನ್ನೋ ವರ್ಣನೆಯೂ ಅಲ್ಲೇ ಬರುತ್ತದೆ.

ಉತ್ಪ್ರೇಕ್ಷೆ ಇದ್ದದ್ದೇ, ಪ್ರಶಸ್ತಿ ಅಂದ ಮೇಲೆ. ನನ್ನ ಗಮನ ಹೋದದ್ದು 'ಸೇತು' ಅನ್ನೋ ಪದದ ಮೇಲೆ. ಅಲ್ಲಿ ಸೇತು ಜನರನ್ನು ದಾಟಿಸುವುದಕ್ಕಿಂತ ನೀರನ್ನು ತಡೆಯುವ ಕೆಲಸ ಮಾಡುತ್ತಿದೆ. ಕ್ರಿ.ಶ. 150ರ ಗಿರಿನಾರ್ ಶಾಸನದಲ್ಲಿ ರುದ್ರದಾಮನು ಸುದರ್ಶನ ಕೆರೆಯ ಒಡೆದ ಏರಿಯನ್ನು ಮತ್ತೆ ಕಟ್ಟಿಸಿದ ವಿಷಯ ಬರುತ್ತದಲ್ಲ, ಆ ಏರಿಗೂ ಸೇತು ಅಂತಲೇ ಹೆಸರು. ಕಟ್ಟೆ, ಒಡ್ಡು, ಏರಿ, ಗಡಿ ಎಲ್ಲಕ್ಕೂ ಸಂಸ್ಕೃತದಲ್ಲಿ ಅದೊಂದೇ ಪದ ಸಾಕು. ದಾನಶಾಸನಗಳ ಕೊನೆಯಲ್ಲಿ ಬರುವ 'ಧರ್ಮಸೇತು'ವಿನಲ್ಲೂ ಮೀರಬಾರದ ಎಲ್ಲೆ ಅನ್ನೋ ಅರ್ಥವೇ ಮುಂದೆ ನಿಲ್ಲುತ್ತದೆ. ಕನ್ನಡದಲ್ಲಿ ಬರೀ ದಾಟುವುದಕ್ಕೆ ಅಂತ ಇರುವ ಪದ ಕರಾವಳಿಯವರ 'ಸಂಕ'. ಅದು ಸಂಕ್ರಮ ಅನ್ನುವುದರ ತದ್ಭವ. ನಮ್ಮ ಕಡೆ ಅಂತೂ ಬ್ರಿಜ್ ಅಂದುಬಿಡ್ತೀವಿ.

ಹಿಂಗಾಗಿ ಶಾಸನ ಸಂಪುಟಗಳ ಸೂಚಿಯಲ್ಲಿ 'ಸೇತು' ಕಂಡ ಕೂಡಲೇ ಸೇತುವೆ ಸಿಕ್ಕಿತು ಅಂತ ಹಿಗ್ಗಬಾರದು. ನಾನು ಒಂದೆರಡು ಸಲ ಹಿಗ್ಗಿ, ಕೊನೆಗೆ ಕೆರೆ ಏರಿಯ ಮೇಲೆ ಹೋಗಿ ನಿಂತದ್ದುಂಟು.

ಕೆರೆಗಳಿಗೆ ಮಾತ್ರ ಬರಗಾಲ ಇಲ್ಲ ನೋಡ್ರಿ. ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಶಾಸನ ಹೇಳುವುದು ಕೆರೆಯ ವಿಷಯ. ತಾಳಗುಂದದ ಕಂಬದಲ್ಲಿ ಕದಂಬರ ಇಡೀ ವಂಶಕಥೆ ಇದ್ದರೂ ಅದನ್ನು ಬರೆಸಿದ ನೆಪ ಕಾಕುಸ್ಥವರ್ಮ ತೋಡಿಸಿದ ಕೆರೆ. ಆಮೇಲಿನ ಶತಮಾನಗಳಲ್ಲಂತೂ ಕೆರೆ, ಬಾವಿ, ತೂಬು, ಕಾಲುವೆ ಸಾಲು ಸಾಲು. ಇವಕ್ಕೆ ಹೋಲಿಸಿದರೆ ಹೊಳೆಗೆ ಸೇತುವೆ ಕಟ್ಟಿಸಿದೆ ಅಂತ ಹೇಳುವ ಶಾಸನ ಬಲು ಅಪರೂಪ.

ಇದಕ್ಕೆ ನನಗೆ ತೋಚುವ ಕಾರಣ ಲೆಕ್ಕಾಚಾರದ್ದು. ಕೆರೆ ಶಾಸನವನ್ನು ನಾವು ಪುಣ್ಯಕಾರ್ಯದ ಫಲಕದ ಹಾಗೆ ಓದಿಬಿಡ್ತೀವಿ. ನನ್ನಂಥ ಎಂಜಿನಿಯರಿಗೆ ಅದು ನಿರ್ವಹಣೆಯ ಕರಾರು ಪತ್ರದ ಹಾಗೆ ಕಾಣುತ್ತದೆ. ಕಟ್ಟುಕೊಡಗೆ ಅಂದರೆ ಕೆರೆ ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ ಬಿಟ್ಟುಕೊಡುವ ಭೂಮಿ. ಬಿತ್ತುವಟ್ಟ, ದಸವಂದ ಇವೂ ಅದೇ ದಾರಿಯವು. ಕೆರೆಯಿಂದ ಗದ್ದೆ, ಗದ್ದೆಯಿಂದ ಭತ್ತ, ಭತ್ತದಲ್ಲಿ ಒಂದು ಪಾಲು ಮತ್ತೆ ಕೆರೆಯ ಹೂಳೆತ್ತಲಿಕ್ಕೆ. ಅದನ್ನು ಕಲ್ಲಿನಲ್ಲಿ ಬರೆದು, ತಪ್ಪಿದವನಿಗೆ ಶಾಪವನ್ನೂ ಹಾಕಿ ನಿಲ್ಲಿಸಿದರು. ಸೇತುವೆ ಭತ್ತ ಬೆಳೆಯುವುದಿಲ್ಲ. ದಾಟಿದವನು ದಾಟಿ ಹೋಗ್ತಾನ.

ಇಷ್ಟು ತಲೆಯಲ್ಲಿ ಇಟ್ಟುಕೊಂಡು ಶ್ರೀರಂಗಪಟ್ಟಣಕ್ಕೆ ಬರೋಣ. ಊರಿನ ಉತ್ತರಕ್ಕೆ ಕಾವೇರಿಯ ಕವಲಿನ ಮೇಲೆ, ಹೊಸ ಸೇತುವೆಯ ಪಕ್ಕದಲ್ಲಿ, ಗಿಡಗಂಟಿ ಬೆಳೆದ ಹಳೆಯ ಕಲ್ಲು ಸೇತುವೆ ಇದೆ. ಕಟ್ಟಿಸಿದವರು ದಿವಾನ್ ಪೂರ್ಣಯ್ಯ, ಮುಗಿದದ್ದು 1804ರಲ್ಲಿ. ಹೆಸರು ಆಗಿನ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯದು. ಟಿಪ್ಪು ಬಿದ್ದು ಆಗಿನ್ನೂ ಐದು ವರ್ಷ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಸುಮಾರು ಹತ್ತು ವರ್ಷ. ರಾಜ್ಯ ನಡೆಸುತ್ತಿದ್ದವರು, ಹೈದರ್-ಟಿಪ್ಪು ಕಾಲದಿಂದ ಖಜಾನೆಯ ಲೆಕ್ಕ ನೋಡಿದ ಇದೇ ಪೂರ್ಣಯ್ಯ. ಹೊಸ ಒಡೆಯರ ಹೆಸರನ್ನು ಸೇತುವೆಗೆ ಇಡುವುದರಲ್ಲಿ ಎಷ್ಟು ಕೃತಜ್ಞತೆ, ಎಷ್ಟು ಜಾಣತನ ಅನ್ನೋದನ್ನ ನೀವೇ ಅಳೆದುಕೊಳ್ಳಿ.

ಹೆಸರು ಇಂಗ್ಲಿಷಿನದ್ದಾದರೂ ಸೇತುವೆಯಲ್ಲಿ ಇಂಗ್ಲಿಷಿನದು ಏನೂ ಇಲ್ಲ. ಕಮಾನಿಲ್ಲ. ನದಿಯ ತಳದ ಬಂಡೆಗೆ ನಿಲ್ಲಿಸಿದ ಕಲ್ಲಿನ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಹಾಸುಗಲ್ಲು. ಇದನ್ನ ನಾವು ಎಲ್ಲಿ ನೋಡಿದ್ದೀವಿ? ಯಾವುದೇ ದೇವಸ್ಥಾನದ ಮಂಟಪದಲ್ಲಿ. ಗೋಡೆ ಇಲ್ಲದ ಉದ್ದನೆ ಮಂಟಪವನ್ನು ತಂದು ಹೊಳೆಯಲ್ಲಿ ನಿಲ್ಲಿಸಿ, ಅದರ ಮಾಳಿಗೆಯ ಮೇಲೆ ಗಾಡಿ ಓಡಿಸಿದ ಹಾಗೆ.

ಕಂಬಗಳು ಇಷ್ಟು ಒತ್ತೊತ್ತಾಗಿ ಯಾಕೆ ಅಂತ ನೋಡಲು ಬಂದವರು ಕೇಳ್ತಾರೆ. ಕಾರಣ ಕಲ್ಲಿನ ಗುಣ. ಗ್ರಾನೈಟ್ ಒತ್ತಿದರೆ ತಾಳುತ್ತದೆ, ಎಳೆದರೆ ಬಿಡುತ್ತದೆ. ಎಳೆತ ತಾಳುವ ಶಕ್ತಿ ಒತ್ತಡ ತಾಳುವ ಶಕ್ತಿಯ ಹತ್ತನೇ ಒಂದು ಪಾಲಿನ ಆಸುಪಾಸು. ಎರಡು ಕಂಬದ ಮೇಲೆ ಅಡ್ಡ ಮಲಗಿದ ತೊಲೆಯ ಮೇಲ್ಭಾಗ ಒತ್ತಿಸಿಕೊಳ್ಳುತ್ತದೆ, ಕೆಳಭಾಗ ಎಳೆಸಿಕೊಳ್ಳುತ್ತದೆ. ದಪ್ಪ ಅಷ್ಟೇ ಇಟ್ಟು ಕಂಬಗಳ ಅಂತರ ಎರಡರಷ್ಟು ಮಾಡಿದಿರೋ, ತೊಲೆಯ ಸ್ವಂತ ಭಾರಕ್ಕೇ ಕೆಳಭಾಗದ ಎಳೆತ ನಾಲ್ಕರಷ್ಟಾಗುತ್ತದೆ. ಒಂದು ಅಡಿ ದಪ್ಪದ ಗ್ರಾನೈಟ್ ತೊಲೆಯನ್ನು ಹತ್ತು ಅಡಿ ಅಂತರಕ್ಕೆ ಹಾಕಿದರೆ ಅದು ಸುಮಾರು 0.6 ಮೆಗಾಪ್ಯಾಸ್ಕಲ್, ಇಪ್ಪತ್ತು ಅಡಿಗೆ ಹಾಕಿದರೆ 2.4. ಗಾಡಿ, ಎತ್ತು, ಸರಕು ಇದರ ಮೇಲೆ ಬೇರೆ. ಕಲ್ಲಿನೊಳಗೆ ಕಣ್ಣಿಗೆ ಕಾಣದ ಒಂದು ಎಳೆ ಇದ್ದರೆ ಮುಗೀತು. ಅದಕ್ಕೇ ಅಂತರ ಕಡಿಮೆ, ಕಂಬ ಜಾಸ್ತಿ.

ಬೋದಿಗೆ ಬರೀ ಅಲಂಕಾರ ಅಂದುಕೊಂಡವರು ಇಲ್ಲಿ ಗಮನಿಸಬೇಕು. ಹತ್ತು ಅಡಿ ಅಂತರದಲ್ಲಿ ಎರಡೂ ಕಡೆ ಬೋದಿಗೆ ಒಂದೊಂದು ಅಡಿ ಚಾಚಿದರೆ ತೊಲೆ ಹಾರಬೇಕಾದ್ದು ಎಂಟೇ ಅಡಿ. ಹತ್ತರಲ್ಲಿ ಎಂಟು ಅಂದರೆ ಐದನೇ ಒಂದು ಪಾಲು ಉಳಿತಾಯ ಅನ್ನಿಸಬಹುದು. ಎಳೆತ ಅಂತರದ ವರ್ಗಕ್ಕೆ ಅನುಗುಣವಾದ್ದರಿಂದ ನಿಜವಾಗಿ ಉಳಿಯುವುದು ಮೂರನೇ ಒಂದು ಪಾಲಿಗಿಂತ ಜಾಸ್ತಿ. ಮಂಟಪ ಕಟ್ಟಿ ಕಟ್ಟಿ ಕೈಗೆ ಹತ್ತಿದ ಲೆಕ್ಕ ಇದು, ಕಾಗದದ್ದಲ್ಲ.

ಮೊದಲ ಸಲ ಹೋದಾಗ ಒಂದು ಕಲ್ಲಿನ ಅಂಚಿನಲ್ಲಿ ಒಂದೇ ಅಳತೆಯ ಸಣ್ಣ ಗುಳಿಗಳ ಸಾಲು ನೋಡಿ, ಕಲ್ಲುಕುಟಿಗರ ಗುರುತಿನ ಅಂಕಿ ಇರಬೇಕು ಅಂತ ನಾನು ನಾಲ್ಕು ಫೋಟೋ ತಗೊಂಡೆ. ಊರಿಗೆ ಬಂದು ನಮ್ಮ ಇಳಕಲ್ ಕ್ವಾರಿಯಲ್ಲಿ ಜನ್ಮ ಸವೆಸಿದ ಹಿರಿಯರೊಬ್ಬರಿಗೆ ತೋರಿಸಿದೆ. "ಸರ, ಇವು ಅಕ್ಷರ ಅಲ್ರಿ. ಬೆಣಿ ಹೊಡದ ಕುಣಿ. ಕಲ್ಲ ಸೀಳೂದು ಹಿಂಗ," ಅಂದರು. ಗುಳಿಗಳ ಅಂತರ ನೋಡಿ ಬಂಡೆ ಯಾವ ಕಡೆ ಸುಲಭವಾಗಿ ಸೀಳುತ್ತಿತ್ತು ಅನ್ನೋದನ್ನೂ ತೋರಿಸಿದರು. ಶಾಸನ ಓದುವವನಿಗೆ ಅಕ್ಷರ ಕಾಣುವ ಚಟ. ಓದಬೇಕಾದ್ದು ಬೇರೆಯೂ ಇರುತ್ತದೆ.

ಇಂಥ ಸೇತುವೆ ನಮ್ಮ ಮಲಪ್ರಭೆ, ಕೃಷ್ಣೆಯ ಮೇಲೆ ಯಾಕಿಲ್ಲ ಅನ್ನೋ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಕಂಬ ನಿಲ್ಲಬೇಕಾದರೆ ನದಿಯ ತಳದಲ್ಲಿ ಬಂಡೆ ಮೇಲೆದ್ದಿರಬೇಕು, ಹತ್ತಿರದಲ್ಲೇ ಉದ್ದಕ್ಕೆ ಸೀಳುವ ಗ್ರಾನೈಟ್ ಸಿಗಬೇಕು. ಇಳಕಲ್ಲಿನ ಕೆಂಪು ಗ್ರಾನೈಟ್ ಜಗತ್ತಿಗೆಲ್ಲ ಹೋಗುತ್ತದೆ. ಆದರೆ ಐಹೊಳೆ, ಬಾದಾಮಿ, ಪಟ್ಟದಕಲ್ಲಿನ ಕಡೆ ಇರುವುದು ಮರಳುಗಲ್ಲು, ಕೂಡಲಸಂಗಮದ ಸುತ್ತ ಎರೆಭೂಮಿ. ಅಲ್ಲಿ ಹರಿಗೋಲೇ ಗತಿ. ತುಂಗಭದ್ರೆಯ ಹಂಪಿಯಲ್ಲಿ ಬಂಡೆಯೂ ಇದೆ, ಗ್ರಾನೈಟೂ ಇದೆ. ವಿಠ್ಠಲ ದೇವಸ್ಥಾನದ ಹತ್ತಿರ ಹೊಳೆಯಲ್ಲಿ ಇವತ್ತೂ ನಿಂತಿರುವ ಕಂಬಗಳ ಸಾಲು ನೋಡಿದವರಿಗೆ ಶ್ರೀರಂಗಪಟ್ಟಣದ್ದು ಹೊಸದು ಅನ್ನಿಸುವುದಿಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಆನೆಗೊಂದಿಗೆ ದಾಟುವುದನ್ನು ವಿವರಿಸುವಾಗ ಹೇಳುವುದು ಮಾತ್ರ ತೊಗಲು ಹೊದಿಸಿದ, ಗಿರ್ರನೆ ತಿರುಗುವ ಹರಿಗೋಲುಗಳನ್ನೇ.

ಇನ್ನು ಇವು ಬೀಳುವುದು ಹೇಗೆ? ಗಾಡಿಯ ಭಾರಕ್ಕಲ್ಲ. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ ಇವನ್ನು ಹಿಡಿದಿಡುವುದು ಮುಖ್ಯವಾಗಿ ಅವುಗಳ ಸ್ವಂತ ತೂಕ. ತೂಕದಿಂದ ಘರ್ಷಣೆ, ಘರ್ಷಣೆಯಿಂದ ಹಿಡಿತ. ಹತ್ತು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಅಡಿ ದಪ್ಪದ ಒಂದು ತೊಲೆ ಅಂದುಕೊಳ್ಳಿ; ತೂಕ ಸುಮಾರು 1,125 ಕೆ.ಜಿ. ಪ್ರವಾಹ ಏರಿ ಅದು ಪೂರ್ತಿ ಮುಳುಗಿತು ಅಂದರೆ 425 ಕೆ.ಜಿ. ನೀರು ಎತ್ತಿಕೊಳ್ಳುತ್ತದೆ, ಉಳಿಯುವುದು 700. ಹಿಡಿತವೂ ಅದೇ ಪ್ರಮಾಣದಲ್ಲಿ ಸಡಿಲ. ಅದೇ ಹೊತ್ತಿಗೆ ನೀರಿನ ವೇಗ ಎರಡರಷ್ಟಾಗಿದ್ದರೆ ತಳ್ಳುವ ಬಲ ನಾಲ್ಕರಷ್ಟು. ಜೊತೆಗೆ ಒತ್ತೊತ್ತಾದ ಕಂಬಗಳ ನಡುವೆ ತೇಲಿಬಂದ ಮರ, ಬಿದಿರಿನ ಮೆಳೆ, ಕಸ ಸಿಕ್ಕಿಕೊಳ್ಳುತ್ತದೆ. ಆಗ ಸೇತುವೆ ಹೋಗಿ ಒಡ್ಡು ಆಗುತ್ತದೆ. ರವಿಕೀರ್ತಿಯ ಸೇತುವಿನ ಅರ್ಥಕ್ಕೇ ಮರಳಿ ಬಂದೆವು, ಈ ಸಲ ಆನೆಗಳಿಲ್ಲದೆ.

ಆದ್ದರಿಂದ ಇಂಥ ಸೇತುವೆಗೆ ಬೇಕಾದ ಆರೈಕೆ ದೊಡ್ಡದೇನಲ್ಲ. ಮಳೆಗಾಲಕ್ಕೆ ಮುಂಚೆ ಕಂಬಗಳ ನಡುವಿನ ಕಸ ತೆಗೆಯಬೇಕು, ಸಂದಿನಲ್ಲಿ ಹುಟ್ಟಿದ ಅರಳಿ ಸಸಿಯನ್ನು ಎರಡೆಲೆ ಇದ್ದಾಗಲೇ ಕೀಳಬೇಕು, ಸರಿದ ಕಲ್ಲನ್ನು ಜಾಗಕ್ಕೆ ಕೂರಿಸಬೇಕು. ಪ್ರತಿ ವರ್ಷ ಮಾಡಬೇಕು ಅಷ್ಟೇ. ಗಾಡಿ ಓಡುತ್ತಿದ್ದಷ್ಟು ದಿನ ಯಾರೋ ಒಬ್ಬರು ಇದನ್ನು ಮಾಡುತ್ತಾರೆ. ಪಕ್ಕದಲ್ಲಿ ಹೊಸ ಸೇತುವೆ ಬಂತೋ, ಹಳೆಯದು ಯಾರ ಕೆಲಸವೂ ಅಲ್ಲ.

ಶಿವನಸಮುದ್ರದ ಕಥೆ ಇದಕ್ಕೆ ಜೋಡಿ. ಮೊದಲು ಒಂದು ಎಚ್ಚರಿಕೆ: ಅಲ್ಲಿ ಈಗ ವೆಸ್ಲಿ ಸೇತುವೆ ಅಂತ ಕರೆಯುವುದನ್ನೂ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನೂ ಬಹಳ ಜನ ಕಲಸುತ್ತಾರೆ, ಫೋಟೋಗಳೂ ಅದಲು ಬದಲಾಗಿ ಓಡಾಡುತ್ತವೆ. ಎರಡರ ನಡುವೆ ಮೈಲುಗಟ್ಟಲೆ ಕಾವೇರಿ ಇದೆ. ಶಿವನಸಮುದ್ರದ ದ್ವೀಪಕ್ಕೆ ಹೋಗುವ ಎರಡು ಕಂಬದ ಸೇತುವೆಗಳನ್ನು ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಎತ್ತಿ ನಿಲ್ಲಿಸಿದವರು ಮೈಸೂರು ರೆಸಿಡೆಂಟರ ಬಳಿ ಕೆಲಸಕ್ಕಿದ್ದ ರಾಮಸ್ವಾಮಿ ಮುದಲಿಯಾರ್. ಒಂದಕ್ಕೆ ಮದರಾಸಿನ ಗವರ್ನರ್ ಲಷಿಂಗ್ಟನ್ ಹೆಸರು ಬಂತು. ಮುದಲಿಯಾರರಿಗೆ ಸಿಕ್ಕಿದ್ದು 'ಜನೋಪಕಾರ ಕಾಮಕರ್ತ' ಅನ್ನೋ ಬಿರುದು, ಜೊತೆಗೆ ಹಳ್ಳಿಗಳ ಜಹಗೀರು.

ಬಿರುದು, ಭೂಮಿ ಎರಡೂ ಒಟ್ಟಿಗೆ. ಶಾಸನ ಓದುವವರಿಗೆ ಇದು ತೀರಾ ಪರಿಚಿತ ವ್ಯವಹಾರ ಅನ್ನಿಸಬೇಕು. ಕಟ್ಟಿದವನಿಗೆ ನೆಲ ಬಿಡುವ ಹಳೆಯ ಪದ್ಧತಿಯೇ ಕಂಪನಿ ಸರಕಾರದ ಕಾಲಕ್ಕೂ ನಡೆದುಬಂದಿದೆ. ಸ್ವಾತಂತ್ರ್ಯದ ನಂತರ ಇನಾಮು ಜಹಗೀರುಗಳು ರದ್ದಾದವು. ರದ್ದಾಗಬೇಕಾದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಭೂಮಿಯ ಜೊತೆಗೆ ಹೊಣೆಯೂ ಕಳಚಿತು, ಹೊಣೆಯನ್ನು ಹೊತ್ತುಕೊಂಡ ಇನ್ನೊಬ್ಬರು ಬರಲಿಲ್ಲ. 2018ರ ಆಗಸ್ಟಿನ ಪ್ರವಾಹದಲ್ಲಿ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು.

ದುರಸ್ತಿ ಆಗದ ಕೆಲಸ ಅಂತ ಮಾತ್ರ ಯಾರೂ ಹೇಳಬಾರದು. ಇದೇ ಶ್ರೀರಂಗಪಟ್ಟಣದಲ್ಲಿ, ರೈಲು ಜೋಡಿ ಹಳಿಗೆ ಅಡ್ಡ ಬರುತ್ತದೆ ಅಂತ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರಾರು ಅಡಿ ಆಚೆ ಸರಿಸಿ ಕೂರಿಸಿದರು. ಇಡೀ ಕಟ್ಟಡವನ್ನೇ ಜರುಗಿಸಬಲ್ಲವರಿಗೆ ಟನ್ ತೂಕದ ತೊಲೆಯನ್ನು ಬೋದಿಗೆಯ ಮೇಲೆ ಮತ್ತೆ ಇಡುವುದು ಕಷ್ಟವಲ್ಲ. ಕಂಬದ ಸೇತುವೆಯ ಒಂದು ದೊಡ್ಡ ಗುಣ ಇದು. ಕಮಾನಿನ ಒಂದು ಕಣ್ಣು ಬಿದ್ದರೆ ಪಕ್ಕದ ಕಣ್ಣಿಗೂ ಅಪಾಯ; ಇಲ್ಲಿ ಬಿದ್ದ ಅಂಕಣವನ್ನು ಮಾತ್ರ ಕಟ್ಟಿದರೆ ಆಯಿತು. ಬಿದ್ದ ಕಲ್ಲು ಸಾಮಾನ್ಯವಾಗಿ ಕೆಳಗೇ, ನೀರಿನಲ್ಲೇ ಬಿದ್ದಿರುತ್ತದೆ.

ಆದರೆ ಯಾವ ಕಲ್ಲು ಎಲ್ಲಿತ್ತು ಅಂತ ಗೊತ್ತಿರಬೇಕಲ್ಲ! ಅದಕ್ಕೆ ದಾಖಲೆ ಬೇಕು. ನಾನು ಎರಡು ಸಲ ದಡದಿಂದ ಕಂಬ ಎಣಿಸಿದೆ, ಒಂದು ಸಲ ಬಂದ ಲೆಕ್ಕ ಇನ್ನೊಂದು ಸಲ ಬರಲಿಲ್ಲ, ಗಿಡ ಮರೆ. ಏಪ್ರಿಲ್ ತಿಂಗಳಲ್ಲಿ ನೀರು ತಗ್ಗಿದಾಗ, ಸೇತುವೆಯ ಮೇಲೆ ಹತ್ತದೆ, ದಡದಿಂದಲೇ ಒಂದೊಂದು ಅಂಕಣಕ್ಕೂ ಕ್ರಮಸಂಖ್ಯೆ ಕೊಟ್ಟು ಫೋಟೋ ತೆಗೆಯುವುದು ನನ್ನ ಯೋಜನೆ. ಮೇಲ್ಹೊಳೆಯ ಬದಿಯೇ ಮುಖ್ಯ, ಕಸ ಸಿಗುವುದು ಅಲ್ಲೇ. ಮೈಸೂರು ಪ್ರವಾಸದ ಹಳೇ ಆಲ್ಬಮ್ ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ತೆಗೆದು ನೋಡಿ. ಸೇತುವೆಯ ಮುಂದೆ ನಿಂತ ಅಜ್ಜ-ಅಜ್ಜಿಯ ಫೋಟೋದಲ್ಲಿ ಅವರ ಬೆನ್ನ ಹಿಂದಿನ ಬೋದಿಗೆಗಳು ಸ್ಪಷ್ಟವಾಗಿ ಕಂಡರೆ, ಹಿಂದೆ ಬರೆದ ತಾರೀಖಿನ ಸಮೇತ ಒಂದು ಪ್ರತಿ ಮಾಡಿಟ್ಟುಕೊಳ್ಳಿ.